ಕಂಪ್ಯೂಟರ್ ಕಟ್ಟೆ: ಹತ್ತರಲ್ಲೇ ಇರೋದಾ, ಹನ್ನೊಂದಕ್ಕೆ ಹೋಗೋದಾ?

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ ಮೇಲೆ. ವಿಂಡೋಸ್ 10 ನಿಂತುಹೋಯಿತಂತೆ, ಮುಂದೇನು? ಹಾಗಾಗಿ ಮೊಬೈಲ್, ವೈಫೈ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ತಳ್ಳಿ, ಹಳೇ ವಿಂಡೋಸ್ ಹೊಸ ವಿಂಡೋಸ್ ಪಂಚಾಯಿತಿಯನ್ನೇ ಕೈಗೆತ್ತಿಕೊಂಡಿದ್ದೇನೆ. ಒಂದೇ ತರಹದ ಪತ್ರಗಳನ್ನು ಒಟ್ಟು ಸೇರಿಸಿದ್ದೇನೆ, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ನನ್ನದು ವಿಂಡೋಸ್ 10 ಲ್ಯಾಪ್‌ಟಾಪ್. ಬೆಂಬಲ ಮುಗಿದಿದೆ ಅಂತ ಪರದೆ ತುಂಬ ಸೂಚನೆ ಬರುತ್ತದೆ. ಒಂದು ದಿನ ಇದ್ದಕ್ಕಿದ್ದಂತೆ ಆನ್ ಆಗೋದೇ ನಿಂತುಬಿಡುತ್ತಾ? (ನಿವೃತ್ತ ಶಿಕ್ಷಕರು, ಹಾಸನ)

ಇಲ್ಲ ಸರ್. ಹಾಗೇನೂ ಆಗಲ್ಲ. ಇವತ್ತು ಹೇಗೆ ಓಡುತ್ತಿದೆಯೋ ನಾಳೆಯೂ ಹಾಗೇ ಓಡುತ್ತದೆ. ವಿಂಡೋಸ್ 10 ಬಂದಿದ್ದು 2015ರ ಜುಲೈ 29ಕ್ಕೆ, ಮೈಕ್ರೋಸಾಫ್ಟ್ ಅದಕ್ಕೆ ಮಾಮೂಲಿ ಬೆಂಬಲ ನಿಲ್ಲಿಸಿದ್ದು 2025ರ ಅಕ್ಟೋಬರ್ 14ಕ್ಕೆ. ನಿಂತಿರುವುದು ಒಂದೇ: ಪ್ರತಿ ತಿಂಗಳು ಬರುತ್ತಿದ್ದ ರಿಪೇರಿ. ಅಂದರೆ ಸಿಸ್ಟಮ್‌ನಲ್ಲಿ ಹೊಸದಾಗಿ ಯಾವುದಾದರೂ ತೂತು ಸಿಕ್ಕರೆ ಅದನ್ನು ಮುಚ್ಚುವವರಿಲ್ಲ.

ಅದರಿಂದ ಏನು ಮಹಾ ಅಂತ ಕೇಳಬಹುದು. 2017ರ ಮೇ ತಿಂಗಳಲ್ಲಿ ವಾನಾಕ್ರೈ ಅನ್ನೋ ಪೀಡೆ ಪ್ರಪಂಚ ಸುತ್ತಿದ್ದು ನೆನಪಿರಬಹುದು. ಫೈಲುಗಳಿಗೆಲ್ಲ ಬೀಗ ಹಾಕಿ ದುಡ್ಡು ಕೇಳುತ್ತಿತ್ತು, ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ರೋಗಿಗಳನ್ನು ವಾಪಸ್ ಕಳಿಸುವ ಪರಿಸ್ಥಿತಿ ಬಂದಿತ್ತು. ವಿಚಿತ್ರ ಏನೆಂದರೆ ಅದು ಬಳಸಿಕೊಂಡ ತೂತನ್ನು ಮೈಕ್ರೋಸಾಫ್ಟ್ ಎರಡು ತಿಂಗಳು ಮೊದಲೇ, ಮಾರ್ಚ್‌ನಲ್ಲೇ ಮುಚ್ಚಿತ್ತು. ಅಪ್‌ಡೇಟ್ ಹಾಕಿಕೊಂಡವರು ಬಚಾವಾದರು, "ಆಮೇಲೆ ನೋಡೋಣ" ಅಂದವರು ಸಿಕ್ಕಿಬಿದ್ದರು. ಎಕ್ಸ್‌ಪಿ ಅನ್ನೋ ಹಳೇ ವಿಂಡೋಸ್ ಬಳಸುತ್ತಿದ್ದವರಿಗಂತೂ ಆ ಅಪ್‌ಡೇಟ್ ಬಂದೇ ಇರಲಿಲ್ಲ, ಯಾಕೆಂದರೆ ಎಕ್ಸ್‌ಪಿಯ ಬೆಂಬಲ 2014ರ ಏಪ್ರಿಲ್ 8ಕ್ಕೇ ಮುಗಿದಿತ್ತು. ಗಲಾಟೆ ಜೋರಾದ ಮೇಲೆ ಅದಕ್ಕೂ ಒಂದು ಪ್ಯಾಚ್ (ತೂತು ಮುಚ್ಚುವ ತೇಪೆ) ಬಿಟ್ಟರು. ಪ್ರತಿ ಸಲ ಹಾಗೆ ಮಾಡುತ್ತಾರೆ ಅಂತ ನಂಬಿಕೊಂಡು ಕೂರೋಕಾಗಲ್ಲ ಅಲ್ವಾ?

ನಿಮಗೆ ತಕ್ಷಣಕ್ಕೆ ಒಂದು ದಾರಿ ಇದೆ. ಹೆಚ್ಚುವರಿ ಭದ್ರತಾ ಅಪ್‌ಡೇಟ್ ಅಂತ ಮನೆ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಒಂದು ಯೋಜನೆ ಕೊಟ್ಟಿದ್ದಾರೆ. ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್ ಪುಟ ತೆರೆದರೆ 'ಎನ್‌ರೋಲ್ ನೌ' ಅಂತ ಕಾಣುತ್ತದೆ. ಕಾಣದಿದ್ದರೆ ನಿಮ್ಮದು 22ಎಚ್2 ಆವೃತ್ತಿಯೇ ಅಂತ ಮೊದಲು ನೋಡಿಕೊಳ್ಳಿ. ವಿಂಡೋಸ್ ಕೀ ಮತ್ತು ಆರ್ ಒಟ್ಟಿಗೆ ಒತ್ತಿ 'ವಿನ್‌ವರ್' ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಆವೃತ್ತಿ ಗೊತ್ತಾಗುತ್ತದೆ. ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿಕೊಂಡರೆ ಬಿಟ್ಟಿ, ಇಲ್ಲದಿದ್ದರೆ 30 ಡಾಲರ್. ಮೊಮ್ಮಕ್ಕಳ ಜೊತೆ ವಿಡಿಯೋ ಕಾಲ್, ಬ್ಯಾಂಕ್, ಪೇಪರ್ ಓದೋದು ಇಷ್ಟೇ ನಿಮ್ಮ ಕೆಲಸ ಅಂತ ಬರೆದಿದ್ದೀರಿ. ಬ್ಯಾಂಕ್ ಅಂದಿರಲ್ಲ, ಅದಕ್ಕಾದರೂ ಇದನ್ನು ಇವತ್ತೇ ಮಾಡಿ. ಡಿಫೆಂಡರ್ ಆಂಟಿವೈರಸ್‌ಗೆ ವಿಂಡೋಸ್ 10ರಲ್ಲಿ 2028ರ ಅಕ್ಟೋಬರ್‌ವರೆಗೆ ಹೊಸ ವೈರಸ್‌ಗಳ ಮಾಹಿತಿ ಬರುತ್ತಿರುತ್ತದೆ, ಆದರೆ ತೂತು ಮುಚ್ಚುವ ಕೆಲಸ ಅದು ಮಾಡಲ್ಲ.

ಪ್ರಶ್ನೆ: ನನ್ನ ಲ್ಯಾಪ್‌ಟಾಪ್ ಐ5, 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇದೆ, ಜಿಂಕೆ ಥರ ಓಡುತ್ತೆ. ಆದರೂ ವಿಂಡೋಸ್ 11ಕ್ಕೆ 'ಅರ್ಹತೆ ಇಲ್ಲ' ಅನ್ನುತ್ತೆ. ಇದೇನು ಹೊಸ ಲ್ಯಾಪ್‌ಟಾಪ್ ಮಾರೋ ಉಪಾಯಾನಾ? (ಎಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ)

ನಿಮ್ಮ ಅನುಮಾನ ನನಗೂ ಸ್ವಲ್ಪ ಇದೆ! ಆದರೆ ಪೂರ್ತಿ ಅದೇ ಅಲ್ಲ. ಹಿಂದೆಲ್ಲ ಹೊಸ ವಿಂಡೋಸ್ ಬಂದರೆ ಕೇಳುತ್ತಿದ್ದುದು ರ‍್ಯಾಮ್ ಎಷ್ಟು, ಡಿಸ್ಕಿನಲ್ಲಿ ಜಾಗ ಎಷ್ಟು ಅಂತ. 11 ಬಂದಾಗ, ಅಂದರೆ 2021ರ ಅಕ್ಟೋಬರ್‌ನಲ್ಲಿ, ಲೆಕ್ಕಾಚಾರವೇ ಬದಲಾಯಿತು. 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಸಾಕು ಅಂದರು, ಆದರೆ ಟಿಪಿಎಂ 2.0 ಬೇಕು, ಸೆಕ್ಯೂರ್ ಬೂಟ್ ಸೌಲಭ್ಯ ಬೇಕು, ಪ್ರೊಸೆಸರ್ ಅವರ ಪಟ್ಟಿಯಲ್ಲಿರಬೇಕು ಅಂದರು. ಟಿಪಿಎಂ ಅಂದರೆ ಗುಪ್ತ ಕೀಲಿಗಳನ್ನು ಇಡುವ ಸಣ್ಣ ಚಿಪ್, ಕೆಲವು ಕಡೆ ಅದು ಪ್ರೊಸೆಸರ್ ಒಳಗೇ ಇರುತ್ತದೆ. ಸೆಕ್ಯೂರ್ ಬೂಟ್ ಅಂದರೆ ಕಂಪ್ಯೂಟರ್ ಶುರುವಾಗುವಾಗ ಸಹಿ ಇಲ್ಲದ ಕೋಡ್ ನುಸುಳದಂತೆ ನೋಡಿಕೊಳ್ಳುವ ವ್ಯವಸ್ಥೆ.

ನಿಮ್ಮ ಐ5 ಪಕ್ಕದ ಸಂಖ್ಯೆ ನೋಡಿ. 7200ಯು ಅಂತ ಇದ್ದರೆ ಏಳನೇ ತಲೆಮಾರು, 8250ಯು ಅಂತ ಇದ್ದರೆ ಎಂಟನೆಯದು, 10210ಯು ಇದ್ದರೆ ಹತ್ತನೆಯದು. ಇಂಟೆಲ್‌ನಲ್ಲಿ ಒಂದೆರಡು ಅಪವಾದ ಬಿಟ್ಟರೆ ಎಂಟರಿಂದ ಮೇಲಿನವಕ್ಕೆ ಮಾತ್ರ ಪ್ರವೇಶ. ಎಎಂಡಿಯವರದ್ದಾದರೆ ಹೆಚ್ಚುಕಮ್ಮಿ ರೈಜೆನ್ 2000 ಸರಣಿಯಿಂದ ಮೇಲೆ. ಏಳನೇ ತಲೆಮಾರಿನ ಐ5ಗೂ ಎಂಟನೇ ತಲೆಮಾರಿನ ಐ3ಗೂ ದಿನನಿತ್ಯದ ಕೆಲಸದಲ್ಲಿ ಏನು ದೊಡ್ಡ ವ್ಯತ್ಯಾಸ ಅಂತ ಕೇಳಿದರೆ ಏನೂ ಇಲ್ಲ. ಆದರೂ ಒಂದು ಒಳಗೆ, ಇನ್ನೊಂದು ಹೊರಗೆ. ಇಲ್ಲೇ ಜನಕ್ಕೆ ಸಿಟ್ಟು ಬರೋದು, ಬರಬೇಕಾದ್ದೇ.

ಎಂಟನೇ ತಲೆಮಾರೇ ಆಗಿದ್ದು ಬೇಡ ಅನ್ನುತ್ತಿದ್ದರೆ ಬಹುಶಃ ಟಿಪಿಎಂ ಆಫ್ ಆಗಿದೆ. ಬಯಾಸ್‌ಗೆ (ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗ್ಸ್ ಪರದೆ) ಹೋಗಿ ನೋಡಿ. ಇಂಟೆಲ್‌ನಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಅಂತ ಬೇರೆ ಹೆಸರಿನಲ್ಲಿ ಕೂತಿರುತ್ತದೆ. ಆನ್ ಮಾಡಿದರೆ ಕೆಲಸ ಮುಗೀತು.

ಏಳನೆಯದೋ ಅದಕ್ಕಿಂತ ಹಳೆಯದೋ ಆಗಿದ್ದರೆ, ರೂಫಸ್ ಥರದ ಟೂಲ್‌ನಿಂದ ಈ ತಪಾಸಣೆಗಳನ್ನೆಲ್ಲ ದಾಟಿಸಿ 11 ಹಾಕುವ ವಿದ್ಯೆ ನಿಮ್ಮ ಹಾಸ್ಟೆಲ್‌ನಲ್ಲಿ ಈಗಾಗಲೇ ಯಾರಿಗಾದರೂ ಗೊತ್ತಿರುತ್ತದೆ. ಓಡುತ್ತದೆ. ಆದರೆ ಇಂಥ ಕಂಪ್ಯೂಟರಿಗೆ ಅಪ್‌ಡೇಟ್ ಬಂದೇ ಬರುತ್ತದೆ ಅನ್ನೋ ಗ್ಯಾರಂಟಿ ಇಲ್ಲ ಅಂತ ಮೈಕ್ರೋಸಾಫ್ಟ್ ಮೊದಲೇ ಹೇಳಿ ಕೈತೊಳೆದುಕೊಂಡಿದೆ. ಜೊತೆಗೆ ಕೋರ್ 2 ಡ್ಯುಯೋ ಕಾಲದ ಯಂತ್ರಗಳಲ್ಲಿ ವಿಂಡೋಸ್ 11ರ 24ಎಚ್2 ಆವೃತ್ತಿ ಬೂಟ್ ಕೂಡ ಆಗಲ್ಲ, ಅದಕ್ಕೆ ಬೇಕಾದ ಸೂಚನೆಗಳೇ ಆ ಪ್ರೊಸೆಸರ್‌ಗಳಲ್ಲಿಲ್ಲ. ಸ್ವಂತ ಲ್ಯಾಪ್‌ಟಾಪಿನಲ್ಲಿ ಪ್ರಯೋಗ ಮಾಡೋದಾದರೆ ಮಾಡಿ. ಅಪ್ಪನ ಅಂಗಡಿಯ ಲೆಕ್ಕ ಇರುವ ಕಂಪ್ಯೂಟರಿಗೆ ಮಾತ್ರ ಕೈ ಹಾಕಬೇಡಿ.

ಇನ್ನೊಂದು ದಾರಿ ಲಿನಕ್ಸ್ ಮಿಂಟ್, ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಬೇರೆ ಆಪರೇಟಿಂಗ್ ಸಿಸ್ಟಮ್. ಮಿಂಟ್ 22ಕ್ಕೆ 2029ರವರೆಗೆ ಬೆಂಬಲ ಇದೆ, ಕಾಸು ಕೊಡಬೇಕಾಗಿಲ್ಲ, ಕನ್ನಡದ ಕಗಪ ಕೀಲಿಮಣೆ ಅದರಲ್ಲೇ ಬರುತ್ತದೆ. ಕೋಡಿಂಗ್ ಕಲಿಯುವವರಿಗೆ ಒಳ್ಳೆಯದೇ.

ಪ್ರಶ್ನೆ: ನಮ್ಮದು ಡಿಟಿಪಿ ಅಂಗಡಿ. ಎಕ್ಸ್‌ಪಿ ಹಾಕಿದ ಹಳೇ ಪಿಸಿಯಲ್ಲಿ ಪುಟ ಜೋಡಿಸುವ ಪೇಜ್‌ಮೇಕರ್, ಕನ್ನಡ ಬರೆಯುವ ನುಡಿ ಫಾಂಟುಗಳು, ಇಪ್ಪತ್ತು ವರ್ಷದ ಲಗ್ನಪತ್ರಿಕೆ, ಸ್ಮರಣ ಸಂಚಿಕೆ ಎಲ್ಲ ಇವೆ. ಪಿಸಿ ಈಗ ಆಗಾಗ ಕೈಕೊಡುತ್ತಿದೆ. ಹೊಸದು ತಗೊಂಡರೆ ವಿಂಡೋಸ್ 11ರಲ್ಲಿ ಇವೆಲ್ಲ ತೆರೆಯುತ್ತವಾ? (ದಾವಣಗೆರೆ)

ಈ ತಿಂಗಳ ಅತಿ ಒಳ್ಳೆಯ ಪ್ರಶ್ನೆ ಇದು, ಯಾಕೆಂದರೆ ಇಂಥ ಅಂಗಡಿ ಕರ್ನಾಟಕದ ಪ್ರತಿ ತಾಲ್ಲೂಕಿನಲ್ಲೂ ಒಂದಾದರೂ ಇದೆ, ಮತ್ತು ಊರಿನ ಅರ್ಧ ಇತಿಹಾಸ ಅಲ್ಲಿನ ಹಾರ್ಡ್‌ಡಿಸ್ಕ್‌ನಲ್ಲಿದೆ.

ಮೊದಲು ಪ್ರೋಗ್ರಾಂ ವಿಷಯ. ನಿಮ್ಮ ಎಕ್ಸ್‌ಪಿ 32 ಬಿಟ್‌ನದ್ದೇ ಇರಬೇಕು. ವಿಂಡೋಸ್ 10ರಲ್ಲೂ 32 ಬಿಟ್ ಆವೃತ್ತಿ ಇತ್ತು. 11ರಲ್ಲಿ ಇಲ್ಲ, ಅದು 64 ಬಿಟ್ ಮಾತ್ರ. 64 ಬಿಟ್ ವಿಂಡೋಸ್‌ನಲ್ಲಿ 32 ಬಿಟ್ ಪ್ರೋಗ್ರಾಂ ಓಡುತ್ತದೆ, 16 ಬಿಟ್ ಪ್ರೋಗ್ರಾಂ ಓಡುವುದಿಲ್ಲ. ಇಲ್ಲೊಂದು ಕಿರಿಕಿರಿ ಇದೆ: ಆ ಕಾಲದ ಎಷ್ಟೋ ತಂತ್ರಾಂಶಗಳು ತಾವು 32 ಬಿಟ್ ಆಗಿದ್ದರೂ ಅವುಗಳ ಇನ್‌ಸ್ಟಾಲರ್ ಮಾತ್ರ 16 ಬಿಟ್‌ನದ್ದು. ಸಿಡಿ ಹಾಕಿ ಸೆಟಪ್ ಒತ್ತಿದರೆ ಏನೂ ಆಗಲ್ಲ, ಸಿಡಿ ಹಾಳಾಗಿದೆ ಅಂದುಕೊಳ್ಳುತ್ತೀರಿ. ಡ್ರೈವರ್‌ಗಳದ್ದೂ (ಪ್ರಿಂಟರಿನಂಥ ಸಾಧನಗಳನ್ನು ನಡೆಸುವ ತಂತ್ರಾಂಶ) ಇದೇ ಕತೆ. ಹಳೇ ಪ್ರಿಂಟರ್, ಸ್ಕ್ಯಾನರ್‌ಗೆ 64 ಬಿಟ್ ಡ್ರೈವರ್ ತಯಾರಕರು ಕೊಟ್ಟಿಲ್ಲದಿದ್ದರೆ ಅದು ಮೇಜಿನ ಮೇಲಿನ ಅಲಂಕಾರ ಅಷ್ಟೆ. ಪೇಜ್‌ಮೇಕರ್ ಅಂತೂ 2001ರ 7.0 ಆದ ಮೇಲೆ ಬೆಳೆಯಲೇ ಇಲ್ಲ, ಅಡೋಬಿಯವರು ಇನ್‌ಡಿಸೈನ್ ಕಡೆ ಹೊರಟುಹೋದರು.

ಇನ್ನು ಅಕ್ಷರ. ಹಳೇ ನುಡಿ ಫಾಂಟುಗಳ ಫೈಲು ವಿಂಡೋಸ್ 11ರಲ್ಲೂ ಆರಾಮಾಗಿ ಕೂರುತ್ತದೆ, ಅದರಲ್ಲಿ ತೊಂದರೆ ಇಲ್ಲ. ತೊಂದರೆ ಇರುವುದು ಪಠ್ಯದಲ್ಲಿ. ಆ ಫಾಂಟುಗಳಲ್ಲಿ ಟೈಪ್ ಮಾಡಿದ್ದು ಕಂಪ್ಯೂಟರ್ ಕಣ್ಣಿಗೆ ಕನ್ನಡವೇ ಅಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳ ಚಿತ್ರ ಇಟ್ಟಿರುತ್ತಾರೆ. ಫಾಂಟ್ ಇದ್ದರೆ ಕನ್ನಡ ಕಾಣುತ್ತದೆ, ಇಲ್ಲದಿದ್ದರೆ ತಲೆ ಮೇಲೆ ಚುಕ್ಕಿ ಗೀಟು ಹೊತ್ತ ವಿಚಿತ್ರ ಇಂಗ್ಲಿಷ್ ಅಕ್ಷರಗಳ ಸಾಲು. ಯೂನಿಕೋಡ್ ಅನ್ನೋ ಜಾಗತಿಕ ಅಕ್ಷರ ಸಂಕೇತ ಪದ್ಧತಿಯಲ್ಲಿ ಹಾಗಲ್ಲ, ಕ ಅಕ್ಷರಕ್ಕೆ ತನ್ನದೇ ಸಂಖ್ಯೆ ಇದೆ, ಯಾವ ಫಾಂಟ್ ಹಾಕಿದರೂ ಅದು ಕ.

ಹಳೇ ಫಾಂಟಿನ ಪಠ್ಯವನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ, ಕೆಲಸವನ್ನೂ ಮಾಡುತ್ತವೆ. ಆದರೆ ಎಲ್ಲಿ ಎಡವುತ್ತವೆ ಅಂತ ಗೊತ್ತಿದ್ದರೆ ಒಳ್ಳೆಯದು. 'ಸೂರ್ಯ' ಪದ ತಗೊಳ್ಳಿ. ಹಳೇ ಫಾಂಟಿನಲ್ಲಿ ಕಣ್ಣಿಗೆ ಕಾಣುವ ಕ್ರಮದಲ್ಲೇ ಕೂತಿರುತ್ತದೆ: ಸೂ, ಆಮೇಲೆ ಯ, ಆಮೇಲೆ ಅರ್ಕಾವತ್ತು. ಯೂನಿಕೋಡ್‌ನಲ್ಲಿ ಉಚ್ಚಾರಣೆಯ ಕ್ರಮ: ಸೂ, ರ್, ಯ. ಅಂದರೆ ಪರಿವರ್ತಕ ಅರ್ಕಾವತ್ತನ್ನು ಹಿಂದಿನಿಂದ ಎತ್ತಿ ಮುಂದೆ ತಂದು ಕೂರಿಸಬೇಕು. ಒಂದು ವ್ಯಂಜನ ಇದ್ದಾಗ ಸಲೀಸು. 'ಮರ್ತ್ಯ', 'ಸಾಮರ್ಥ್ಯ' ಥರ ವತ್ತೂ ಅರ್ಕಾವತ್ತೂ ಒಟ್ಟಿಗೆ ಬಂದಲ್ಲಿ ಕಣ್ಣಿಟ್ಟು ನೋಡಿ. ಇನ್ನೊಂದು: ಲಗ್ನಪತ್ರಿಕೆಯಲ್ಲಿ ಹುಡುಗನ ಹೆಸರಿನ ಮುಂದೆ ಇಂಗ್ಲಿಷಿನಲ್ಲಿ ಬಿ.ಇ. ಅಂತ ಇರುತ್ತದಲ್ಲ, ಬರೀ ಪಠ್ಯ ಕಾಪಿ ಮಾಡಿ ಪರಿವರ್ತಕಕ್ಕೆ ಹಾಕಿದರೆ ಅದಕ್ಕೆ ಇದು ಇಂಗ್ಲಿಷ್ ಅಂತ ಹೇಗೆ ಗೊತ್ತಾಗಬೇಕು ಪಾಪ, ಆ ಪದವಿಯನ್ನೂ ಯಾವುದೋ ಕನ್ನಡ ತುಂಡುಗಳನ್ನಾಗಿ ಮಾಡಿಬಿಡುತ್ತದೆ.

ಅದಕ್ಕೇ ನನ್ನ ಸಲಹೆ, ಎಲ್ಲವನ್ನೂ ಪರಿವರ್ತಿಸುವ ಹಟ ಬೇಡ. ಪಿಸಿ ಜೀವಂತ ಇರುವಾಗಲೇ ಹಾರ್ಡ್‌ಡಿಸ್ಕ್ ಪೂರ್ತಿ ಎರಡು ಕಡೆ ನಕಲು ಮಾಡಿ, ಫಾಂಟ್ ಫೋಲ್ಡರ್ ಮರೀಬೇಡಿ. ಮುಖ್ಯವಾದ ಕೆಲಸಗಳನ್ನೆಲ್ಲ ಫಾಂಟ್ ಸಮೇತ ಪಿಡಿಎಫ್ ಮಾಡಿಡಿ, ಅದು ಯಾವ ವಿಂಡೋಸ್‌ನಲ್ಲೂ ಹಾಗೇ ಕಾಣುತ್ತದೆ. ಪುಸ್ತಕ, ಸ್ಮರಣ ಸಂಚಿಕೆಯಂಥ ಮುಂದೆ ಮತ್ತೆ ಬೇಕಾಗುವ ಪಠ್ಯವನ್ನು ಮಾತ್ರ ಯೂನಿಕೋಡ್‌ಗೆ ತಂದು ಕರಡು ತಿದ್ದಿ. ತಂದ ಮೇಲೆ ಅದನ್ನು ಪೇಜ್‌ಮೇಕರ್‌ಗೆ ಅಂಟಿಸಲು ಹೋಗಬೇಡಿ, ಅದಕ್ಕೆ ಯೂನಿಕೋಡ್ ಅರ್ಥ ಆಗಲ್ಲ. ಹಳೇ ಪೇಜ್‌ಮೇಕರ್ ಬೇಕೇಬೇಕು ಅನ್ನುವುದಾದರೆ ಹೊಸ ಪಿಸಿಯಲ್ಲಿ ವರ್ಚುವಲ್‌ಬಾಕ್ಸ್ (ಕಂಪ್ಯೂಟರೊಳಗೆ ಇನ್ನೊಂದು ಕಂಪ್ಯೂಟರ್ ಓಡಿಸುವ ತಂತ್ರಾಂಶ) ಹಾಕಿ, ಅದರೊಳಗೆ ನಿಮ್ಮ ಎಕ್ಸ್‌ಪಿ ಕೂರಿಸಿ, ಇಂಟರ್ನೆಟ್ ಕೊಡಬೇಡಿ. ಗಿರಾಕಿಗಳ ಪೆನ್‌ಡ್ರೈವ್‌ಗಳನ್ನೂ ನೇರ ಅದಕ್ಕೆ ಚುಚ್ಚಬೇಡಿ, ಮೊದಲು ಹೊಸ ವಿಂಡೋಸ್‌ನಲ್ಲಿ ಸ್ಕ್ಯಾನ್ ಆಗಲಿ.

ಪ್ರಶ್ನೆ: ನನ್ನ ಪಿಎಚ್‌ಡಿ ಪ್ರಬಂಧ ವಿಂಡೋಸ್ 7ರಲ್ಲಿ ತುಂಗಾ ಫಾಂಟಿನಲ್ಲಿ ಬರೆದದ್ದು, ಯೂನಿಕೋಡ್‌ನಲ್ಲೇ ಇದೆ. ಹೊಸ ಲ್ಯಾಪ್‌ಟಾಪಿನಲ್ಲಿ ತೆರೆದರೆ ಅಕ್ಷರ ಬೇರೆ ಥರ ಕಾಣುತ್ತದೆ, ಪುಟಸಂಖ್ಯೆ ಎಲ್ಲ ಅದಲುಬದಲು. (ಮೈಸೂರು)

ಫೈಲಿಗೆ ಏನೂ ಆಗಿಲ್ಲ, ಗಾಬರಿ ಬೇಡ. ಎಕ್ಸ್‌ಪಿಯಿಂದ ಶುರುವಾಗಿ ವಿಂಡೋಸ್‌ನ ಕನ್ನಡ ಅಂದರೆ ತುಂಗಾ ಅಂತಲೇ ಇತ್ತು. ವಿಂಡೋಸ್ 8ರಿಂದ ಭಾರತೀಯ ಭಾಷೆಗಳಿಗೆಲ್ಲ ಒಂದೇ ಫಾಂಟ್ ಅಂತ ನಿರ್ಮಲಾ ಯುಐ ಬಂತು, 10ರಿಂದ ತುಂಗಾ ಐಚ್ಛಿಕ ಪಟ್ಟಿಗೆ ಹೋಯಿತು. ನಿಮ್ಮ ಲ್ಯಾಪ್‌ಟಾಪಿನಲ್ಲಿ ತುಂಗಾ ಇಲ್ಲ, ವರ್ಡ್ ಅದರ ಬದಲು ನಿರ್ಮಲಾ ತೋರಿಸುತ್ತಿದೆ, ಎರಡರ ಅಕ್ಷರದ ಗಾತ್ರ ಬೇರೆ, ಹಾಗಾಗಿ ಸಾಲು ಮುರಿಯುವ ಜಾಗವೂ ಬೇರೆ. ಸೆಟ್ಟಿಂಗ್ಸ್‌ನಲ್ಲಿ 'ಆಪ್ಷನಲ್ ಫೀಚರ್ಸ್' ಅಂತ ಹುಡುಕಿ, ಅದರಲ್ಲಿ 'ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್' ಸೇರಿಸಿಕೊಳ್ಳಿ. ತುಂಗಾ ವಾಪಸ್ ಬರುತ್ತಾಳೆ. ಮುದ್ರಣಕ್ಕೆ ಕಳಿಸುವ ಮುಂಚೆ ಇದನ್ನು ಮಾಡಿ, ಪರಿವಿಡಿಯ ಪುಟಸಂಖ್ಯೆ ಇನ್ನೊಮ್ಮೆ ನೋಡಿಕೊಳ್ಳಿ.

ಎಕ್ಸ್‌ಪಿ ಕಾಲದಲ್ಲಿ ಯೂನಿಕೋಡ್ ಕನ್ನಡ ಸರಿಯಾಗಿ ಕಾಣಬೇಕಾದರೆ ರೀಜನಲ್ ಸೆಟ್ಟಿಂಗ್ಸ್‌ಗೆ ಹೋಗಿ ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಅನ್ನೋದಕ್ಕೆ ಟಿಕ್ ಹಾಕಬೇಕಿತ್ತು, ಹಾಕಿದ ಕೂಡಲೇ ಅದು ಎಕ್ಸ್‌ಪಿ ಸಿಡಿ ಕೇಳುತ್ತಿತ್ತು. ಆ ಸಿಡಿ ಯಾರ ಹತ್ತಿರ ಇರುತ್ತಿತ್ತು ಹೇಳಿ! ಎಷ್ಟೋ ಜನ ಕನ್ನಡ ಬ್ಲಾಗುಗಳಲ್ಲಿ ಬರೀ ಚೌಕಗಳನ್ನೇ ಓದಿದ್ದಾರೆ. ಹೊಸ ವಿಂಡೋಸ್‌ಗಳ ಮೇಲೆ ಎಷ್ಟೇ ಬೈಗುಳ ಇರಲಿ, ಕನ್ನಡದ ಮಟ್ಟಿಗೆ ಅವು ಖಂಡಿತ ಮೇಲು.

ಪ್ರಶ್ನೆ: 11ರಲ್ಲಿ ಕನ್ನಡ ಟೈಪ್ ಮಾಡಲು ನುಡಿ, ಬರಹ ಹಾಕಲೇಬೇಕಾ? (ಕಲಬುರಗಿ)

ಬೇಕಿಲ್ಲ. ವಿಂಡೋಸ್‌ನಲ್ಲೇ ಇನ್‌ಸ್ಕ್ರಿಪ್ಟ್ ಅನ್ನೋ ಕನ್ನಡ ಕೀಲಿಮಣೆ ಮೊದಲಿಂದಲೂ ಇದೆ. 2019ರಲ್ಲಿ ವಿಂಡೋಸ್ 10ಕ್ಕೆ ಫೊನೆಟಿಕ್ ಕೀಲಿಮಣೆಯೂ ಬಂತು, 11ರಲ್ಲೂ ಇದೆ. ಇಂಗ್ಲಿಷಿನಲ್ಲಿ ಉಚ್ಚಾರಣೆ ಒತ್ತುತ್ತಾ ಹೋದರೆ ಕನ್ನಡ ಬರುತ್ತದೆ. ಭಾಷೆ ಬದಲಿಸಲು ವಿಂಡೋಸ್ ಕೀ ಜೊತೆ ಸ್ಪೇಸ್. ನುಡಿಯಲ್ಲಿರುವ ಕೆ.ಪಿ. ರಾವ್ ಕೀಲಿಮಣೆ ವಿನ್ಯಾಸಕ್ಕೇ ಬೆರಳು ಒಗ್ಗಿದ್ದರೆ ನುಡಿಯೇ ಹಾಕಿಕೊಳ್ಳಿ, ಆದರೆ ಯೂನಿಕೋಡ್ ಆಯ್ಕೆ ಇಟ್ಟುಕೊಂಡು ಬರೆಯಿರಿ. ದಾವಣಗೆರೆಯವರ ಪಾಡು ಮೇಲೆ ಓದಿದಿರಲ್ಲ.

ಪ್ರಶ್ನೆ: ಸ್ಟಾರ್ಟ್ ಬಟನ್ ನಡುವೆ ಬಂದು ಕೂತಿದೆ, ರೈಟ್ ಕ್ಲಿಕ್ ಮಾಡಿದರೆ ಬೇಕಾದ್ದೇ ಇರಲ್ಲ. ಹಳೇ ಥರ ಆಗಲ್ವಾ? (ಬೆಂಗಳೂರು, ಉಡುಪಿ, ತುಮಕೂರಿನಿಂದ ಹಲವರು)

ಸ್ಟಾರ್ಟ್ ಬಟನ್ ಎಡಕ್ಕೆ ಹೋಗುತ್ತದೆ: ಟಾಸ್ಕ್‌ಬಾರ್ ಮೇಲೆ ರೈಟ್ ಕ್ಲಿಕ್, ಟಾಸ್ಕ್‌ಬಾರ್ ಸೆಟ್ಟಿಂಗ್ಸ್, ಅಲೈನ್‌ಮೆಂಟ್‌ನಲ್ಲಿ ಲೆಫ್ಟ್. ಶಿಫ್ಟ್ ಒತ್ತಿಹಿಡಿದು ರೈಟ್ ಕ್ಲಿಕ್ ಮಾಡಿದರೆ ಹಳೇ ಉದ್ದ ಪಟ್ಟಿ ಬರುತ್ತದೆ. ಇಷ್ಟಕ್ಕೇ ಬೈಬೇಡಿ, 2012ರಲ್ಲಿ ವಿಂಡೋಸ್ 8 ಸ್ಟಾರ್ಟ್ ಬಟನ್ನನ್ನೇ ಎತ್ತಿಹಾಕಿತ್ತು. ಜನ ಕೂಗಾಡಿದ ಮೇಲೆ ಮುಂದಿನ ವರ್ಷ 8.1ರಲ್ಲಿ ವಾಪಸ್ ತಂದರು.

ಪ್ರಶ್ನೆ: ವಿಂಡೋಸ್ 7 ಎಷ್ಟು ಹಗುರ ಇತ್ತು. ನನ್ನ ಹಳೇ ಪಿಸಿಗೆ ಮತ್ತೆ ಅದನ್ನೇ ಹಾಕಿಸಿಕೊಳ್ಳೋಣ ಅಂತ. ಅಂಗಡಿಯವರು ಆ್ಯಕ್ಟಿವೇಟ್ ಮಾಡಿಕೊಡ್ತೀವಿ ಅಂತಾರೆ. (ಬಳ್ಳಾರಿ)

7ರ ಮೇಲೆ ಪ್ರೀತಿ ನನಗೂ ಇದೆ. ಬೇಡ ಆದರೂ. ಅದರ ಬೆಂಬಲ 2020ರ ಜನವರಿ 14ಕ್ಕೆ ಮುಗಿಯಿತು. 2023ರಲ್ಲಿ ಬಂದ ಕ್ರೋಮ್ 109 ಅದರ ಮೇಲೆ ಓಡುವ ಕೊನೆಯ ಕ್ರೋಮ್. ಹಳೇ ಬ್ರೌಸರ್ ಇಟ್ಟುಕೊಂಡು ಎಷ್ಟು ಜಾಲತಾಣ ಸರಿಯಾಗಿ ತೆರೆಯುತ್ತವೆ? ಹಗುರ ಅನ್ನೋದಾದರೆ ಎಕ್ಸ್‌ಪಿ 64 ಎಂಬಿ ರ‍್ಯಾಮ್‌ನಲ್ಲೂ ಏಳುತ್ತಿತ್ತು, 7ಕ್ಕೆ 1 ಜಿಬಿ ಬೇಕಾಯಿತು, ಆಗ ಅದನ್ನೂ ಜನ 'ಭಾರ' ಅಂದಿದ್ದರು. ನಿಮ್ಮ ಪಿಸಿ ನಿಧಾನ ಆಗಿರುವುದಕ್ಕೆ ಮುಕ್ಕಾಲು ಕಾರಣ ತಿರುಗುವ ಹಾರ್ಡ್‌ಡಿಸ್ಕ್. ಅದರ ಬದಲು, ತಿರುಗುವ ಭಾಗ ಇಲ್ಲದ ಒಂದು ಎಸ್‌ಎಸ್‌ಡಿ ಹಾಕಿಸಿ ನೋಡಿ, ಅದೇ ಪಿಸಿಯಾ ಅಂತ ಅನುಮಾನ ಬರುತ್ತದೆ. ಇನ್ನು ಅಂಗಡಿಯವರ ಆ್ಯಕ್ಟಿವೇಟರ್ (ಲೈಸೆನ್ಸ್ ಇಲ್ಲದೆ ವಿಂಡೋಸ್ ಚಾಲೂ ಮಾಡುವ ಪ್ರೋಗ್ರಾಂ): ಮೊದಲು ಆಂಟಿವೈರಸ್ ಆಫ್ ಮಾಡಿ ಅನ್ನುವ ಪ್ರೋಗ್ರಾಂ ಒಳಗೆ ಏನೇನು ಇಟ್ಟಿದ್ದಾರೋ, ಅದನ್ನು ಕೊಟ್ಟವರಿಗೂ ಗೊತ್ತಿರಲ್ಲ.

ಪ್ರಶ್ನೆ: ದಿನಾ ಶಟ್‌ಡೌನ್ ಮಾಡ್ತೀನಿ. ಆದರೂ ಕೆಲವು ತೊಂದರೆ ರೀಸ್ಟಾರ್ಟ್ ಮಾಡಿದಾಗ ಮಾತ್ರ ಸರಿಹೋಗುತ್ತೆ. ಎರಡೂ ಒಂದೇ ಅಲ್ವಾ? (ಗೃಹಿಣಿ, ಶಿರಸಿ)

ವಿಂಡೋಸ್ 7ರವರೆಗೆ ಒಂದೇ ಥರ ಇತ್ತು. 8ರಿಂದ ಫಾಸ್ಟ್ ಸ್ಟಾರ್ಟಪ್ ಅಂತ ಬಂತು. ಇದು ಆನ್ ಇದ್ದಾಗ ಶಟ್‌ಡೌನ್ ಕೊಟ್ಟರೆ ನಿಮ್ಮ ಪ್ರೋಗ್ರಾಂಗಳೆಲ್ಲ ಮುಚ್ಚುತ್ತವೆ, ಆದರೆ ವಿಂಡೋಸ್‌ನ ಒಳಗಿನ ಭಾಗ ಮತ್ತು ಡ್ರೈವರ್‌ಗಳು ಇದ್ದ ಸ್ಥಿತಿಯಲ್ಲೇ ಡಿಸ್ಕಿಗೆ ಬರೆದುಕೊಂಡು ಮಲಗುತ್ತವೆ, ಬೆಳಗ್ಗೆ ಅಲ್ಲಿಂದಲೇ ಏಳುತ್ತವೆ. ಅದಕ್ಕೇ ಬೇಗ ಆನ್ ಆಗೋದು. ರೀಸ್ಟಾರ್ಟ್‌ನಲ್ಲಿ ಮಾತ್ರ ಎಲ್ಲ ಹೊಸದಾಗಿ ಶುರು. ನಂಬಿಕೆ ಬರದಿದ್ದರೆ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್‌ನಲ್ಲಿ ಸಿಪಿಯು ಕೆಳಗೆ 'ಅಪ್ ಟೈಮ್' ನೋಡಿ. ರಾತ್ರಿ ಆಫ್ ಮಾಡಿದ್ದರೂ ಎಷ್ಟೋ ದಿನದಿಂದ ಎಚ್ಚರವಾಗೇ ಇದೆ ಅಂತ ತೋರಿಸುತ್ತಿರುತ್ತದೆ. ಶಿಫ್ಟ್ ಒತ್ತಿಕೊಂಡು ಶಟ್‌ಡೌನ್ ಕೊಟ್ಟರೆ ಪೂರ್ತಿ ಆಫ್ ಆಗುತ್ತದೆ.

ಪ್ರಶ್ನೆ: ಹೊಸ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 11 ಇತ್ತು. ರಿಪೇರಿಗೆ ಕೊಟ್ಟು ತಂದ ಮೇಲೆ ನೀಲಿ ಪರದೆ ಬಂದು 48 ಅಂಕೆಯ ಕೀ ಕೇಳುತ್ತಿದೆ. ನಾನು ಯಾವ ಲಾಕೂ ಹಾಕಿಲ್ಲ. (ಮಂಗಳೂರು)

ನೀವು ಹಾಕಿಲ್ಲ, ಅದೇ ಹಾಕಿಕೊಂಡಿದೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆದ ಕೂಡಲೇ ಡಿಸ್ಕ್ ಗೂಢಲಿಪಿಗೆ ಹೋಗುತ್ತದೆ, ಬಿಟ್‌ಲಾಕರ್ ಅಂತಾರೆ. 24ಎಚ್2ರಿಂದ ಇದು ಇನ್ನೂ ಜಾಸ್ತಿ ಯಂತ್ರಗಳಲ್ಲಿ ತಾನಾಗಿ ಆನ್ ಆಗುತ್ತಿದೆ. ಕಳ್ಳ ಲ್ಯಾಪ್‌ಟಾಪ್ ಕದ್ದರೂ ಫೈಲು ಓದಲಾರ, ಅಷ್ಟು ಒಳ್ಳೆಯದು. ಆದರೆ ಮದರ್‌ಬೋರ್ಡ್ ಬದಲಿಸಿದರೆ, ಕೆಲವೊಮ್ಮೆ ಬಯಾಸ್ ಸೆಟ್ಟಿಂಗ್ ಮುಟ್ಟಿದರೂ, ಟಿಪಿಎಂಗೆ ಅನುಮಾನ ಬಂದು ಕೀ ಕೇಳುತ್ತದೆ. ಮೊಬೈಲಿನಲ್ಲಿ ಬ್ರೌಸರ್ ತೆರೆದು, ಲ್ಯಾಪ್‌ಟಾಪ್ ಮೊದಲ ದಿನ ಸೆಟಪ್ ಮಾಡಿದಾಗ ಕೊಟ್ಟ ಅದೇ ಮೈಕ್ರೋಸಾಫ್ಟ್ ಅಕೌಂಟಿಗೆ ಲಾಗಿನ್ ಆಗಿ. ಡಿವೈಸಸ್ ಅಡಿಯಲ್ಲಿ ಬಿಟ್‌ಲಾಕರ್ ಕೀಗಳ ಪಟ್ಟಿ ಇರುತ್ತದೆ. ನೀಲಿ ಪರದೆಯ ಮೇಲಿನ ಕೀ ಐಡಿಯ ಮೊದಲ ಎಂಟು ಅಕ್ಷರಗಳಿಗೆ ತಾಳೆಯಾಗುವ ಕೀ ಹುಡುಕಿ ಹಾಕಿ. ಸೆಟಪ್ ಮಾಡಿದ್ದು ಅಂಗಡಿಯ ಹುಡುಗ, ಅವನದೇ ಯಾವುದೋ ಇಮೇಲ್ ಕೊಟ್ಟಿದ್ದ ಅಂತಾದರೆ ಇವತ್ತೇ ಹೋಗಿ ಅವನನ್ನು ಹಿಡಿಯಿರಿ, ಯಾಕೆಂದರೆ ಕೀ ಕಳೆದರೆ ಮೈಕ್ರೋಸಾಫ್ಟ್‌ನವರೂ ಹೊಸದು ಮಾಡಿಕೊಡಲ್ಲ, ಡಿಸ್ಕ್ ಅಳಿಸಿ ಮತ್ತೆ ವಿಂಡೋಸ್ ಹಾಕೋದೊಂದೇ ಉಳಿಯುತ್ತದೆ. ಸಿಕ್ಕರೆ ಒಂದು ಕಾಗದದ ಮೇಲೆ ಬರೆದು ಬೀರುವಿನಲ್ಲಿಡಿ. ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಮಾತ್ರ ಬೇಡ.